ಎರಡೂ ಕಾಲು ಜೋಮು, ಮೂತ್ರ ಬರುತ್ತಿಲ್ಲ ಅಂದರೂ ‘ಡಿಸ್ಕ್’ ಅಂದರು. ದಯವಿಟ್ಟು ಓದಿ

ನಿನ್ನೆ ಬೆಳಿಗ್ಗೆ ಒಂದು ಬೆನ್ನು ನೋವಿನ ಕೇಂದ್ರದಿಂದ ಮೊಬೈಲಿಗೆ ಮೆಸೇಜ್ ಬಂತು. ‘ಮೇಡಂ, ನಿಮ್ಮ ಪ್ಯಾಕೇಜಿನಲ್ಲಿ ಇನ್ನೂ 7 ಸಿಟ್ಟಿಂಗ್ ಬಾಕಿ ಇವೆ. ತಿಂಗಳ ಕೊನೆಯೊಳಗೆ ಮುಗಿಸಿಕೊಳ್ಳಿ.’ ಓದಿ ಕೈ ನಡುಗಿತು. ಏಳು ತಿಂಗಳಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ನಾಚಿಕೆಯಿಂದ ಸುಮ್ಮನಿದ್ದೆ. ಮೂತ್ರದ ವಿಷಯ ನಾಲ್ಕು ಜನರ ಮುಂದೆ ಹೇಗೆ ಬರೆಯೋದು ಅಂತ. ಇವತ್ತು ಬರೆಯುತ್ತಿದ್ದೇನೆ. ಆ ನಾಚಿಕೆಯಿಂದಲೇ ಅವತ್ತು ಒಂದಿಡೀ ದಿನ ಕಳೆದುಕೊಂಡೆ.

ನನಗೆ ಬಂದ ಕಾಯಿಲೆ ಟ್ರಾನ್ಸ್‌ವರ್ಸ್ ಮೈಲೈಟಿಸ್. ಬೆನ್ನುಹುರಿಯ ಒಂದು ಭಾಗದಲ್ಲಿ ಉರಿಯೂತ ಆಗುತ್ತದೆ. ಹುರಿ ಅಲ್ಲಿ ಊದಿಕೊಂಡರೆ ಮೆದುಳಿನಿಂದ ಕಾಲಿಗೆ ಹೋಗಬೇಕಾದ್ದೂ ಹೋಗುವುದಿಲ್ಲ, ಕಾಲಿನಿಂದ ಮೇಲೆ ಬರಬೇಕಾದ್ದೂ ಬರುವುದಿಲ್ಲ. ತುಂಬಾ ಅಪರೂಪದ್ದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 8 ಮಂದಿಗೆ ಬರುತ್ತದೆ ಅನ್ನುತ್ತಾರೆ. ಅದಕ್ಕೇ ಹೇಳುತ್ತೇನೆ, ಮೊದಲ ದಿನವೇ ಯಾರೂ ಕಂಡುಹಿಡಿಯಲಿಲ್ಲ ಅಂತ ನನಗೆ ಸಿಟ್ಟಿಲ್ಲ. ನನ್ನ ಕಾಲನ್ನು ಮುಟ್ಟಿ ನೋಡದೆ ಮೂರು ದಿನ ದುಡ್ಡು ತಗೊಂಡರಲ್ಲ, ಅದಕ್ಕೆ ಸಿಟ್ಟು.

ಶುರುವಾಗಿದ್ದು ಸೋಮವಾರ. ಅದಕ್ಕೆ ಎರಡು ವಾರ ಮೊದಲು ನೆಗಡಿ, ಜ್ವರ ಬಂದು ಹೋಗಿತ್ತು. ಬೆಳಿಗ್ಗೆ ಏಳುವಾಗ ಬೆನ್ನಿನ ನಡುವೆ ಒಂದು ನೋವು. ಎರಡೂ ಪಾದ ಜೋಮು ಹಿಡಿದ ಹಾಗೆ. ಮಲಗಿದ್ದು ಸರಿಯಾಗಿಲ್ಲ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತೇವೆ ಅಲ್ವಾ? ಸಂಜೆ ಹೊತ್ತಿಗೆ ಜೋಮು ಮೊಣಕಾಲು ದಾಟಿತ್ತು. ಪಕ್ಕೆಲುಬಿನ ಕೆಳಗೆ ಸುತ್ತಲೂ ಯಾರೋ ಅಗಲವಾದ ಬೆಲ್ಟು ಬಿಗಿದ ಹಾಗೆ ಹಿಡಿದುಕೊಂಡಿತ್ತು. ರಾತ್ರಿ ನಡೆಯುವಾಗ ಒಂದು ಕಾಲಿನ ಚಪ್ಪಲಿ ಜಾರಿ ಹಿಂದೆಯೇ ಉಳಿದಿದೆ, ನನಗೆ ಗೊತ್ತೇ ಆಗಿಲ್ಲ. ತಿರುಗಿ ನೋಡಿದಾಗಲೇ ಗೊತ್ತಾಗಿದ್ದು.

ಮಂಗಳವಾರ ಸ್ನಾನಕ್ಕೆ ನಿಂತೆ. ಮೊದಲ ಚೊಂಬು ನೀರು ಹೆಗಲ ಮೇಲೆ ಬಿತ್ತು, ಬಿಸಿ. ಎದೆ ಮೇಲೆ ಇಳಿಯಿತು, ಬಿಸಿ. ಹೊಕ್ಕುಳ ದಾಟಿದ ಮೇಲೆ ಬಿಸಿ ಮಾಯ. ನೀರು ಹರಿಯುತ್ತಿರುವುದು ಕಣ್ಣಿಗೆ ಕಾಣುತ್ತಿದೆ, ತೊಡೆಗೆ ಬಿಸಿ ಗೊತ್ತಾಗುತ್ತಿಲ್ಲ. ಮತ್ತೆ ಸುರಿದುಕೊಂಡೆ. ಮತ್ತೆ ಅದೇ. ಮೇಲೆ ಒಂದು ಮೈ, ಕೆಳಗೆ ಇನ್ಯಾರದೋ ಮೈ. ಭಯವಾಯಿತು.

ಅವತ್ತೇ ಒಂದು ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲಿಲ್ಲ. ಬೆನ್ನು ನೋವು ಅಲ್ವಾ ಅಂತ ಬೆನ್ನು ನೋವಿನ ಕೇಂದ್ರಕ್ಕೆ ಹೋದೆ. ಆಪರೇಷನ್ ಇಲ್ಲದೆ ಡಿಸ್ಕ್ ಗುಣ ಮಾಡುತ್ತೇವೆ ಅಂತ ಬೋರ್ಡ್ ಹಾಕಿರುತ್ತಾರಲ್ಲ, ಅಂಥದ್ದು. ಮುಖ್ಯಸ್ಥರು ಬಿಳಿ ಕೋಟು ಹಾಕಿ ಕೂತಿದ್ದರು. ಏನು ಓದಿದ್ದೀರಿ ಅಂತ ನಾನು ಕೇಳಲಿಲ್ಲ. ಬಿಳಿ ಕೋಟು ನೋಡಿದರೆ ನಮಗೆ ಬಾಯಿ ಬರುವುದಿಲ್ಲ.

ಎಲ್ಲ ಹೇಳಿದೆ. ಜೋಮು, ಹೊಟ್ಟೆ ಸುತ್ತ ಬಿಗಿತ, ಬಿಸಿ ಗೊತ್ತಾಗದ್ದು. ಅವರು ಸೊಂಟದ ಮೇಲೆ ಎರಡು ಸಲ ಒತ್ತಿದರು. ‘ನರ ಹಿಡ್ಕೊಂಡಿದೆ ಮೇಡಂ, ಒಂದು ಎಂಆರ್‌ಐ ಮಾಡಿಸ್ಕೊಂಡು ಬನ್ನಿ, ಸೊಂಟದ್ದು ಸಾಕು’ ಅಂದರು. ಅವರು ಹೇಳಿದ ಕಡೆಯೇ ಮಾಡಿಸಿದೆ. ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೆಯ, ಐದನೆಯ ಮೂಳೆಗಳ ನಡುವಿನ ಮೆತ್ತೆ, ಸ್ವಲ್ಪ ಉಬ್ಬಿದೆ ಅಂತ ಬಂತು. ‘ನೋಡಿ, ನಾನು ಹೇಳಿದ್ದೇ ಬಂತು!’ ಅಂದರು. ಎಷ್ಟು ಖುಷಿಯಿಂದ ಅಂದರು ಅಂದರೆ, ನನಗೂ ಸಮಾಧಾನ ಆಗಿಬಿಟ್ಟಿತು. ಕಾಯಿಲೆ ಸಿಕ್ಕಿತಲ್ಲ ಅಂತ. ಹತ್ತು ಸಿಟ್ಟಿಂಗ್ ಪ್ಯಾಕೇಜು, ದುಡ್ಡು ಮುಂಗಡ. ಕಟ್ಟಿದೆ. ಅವತ್ತೇ ಸೊಂಟಕ್ಕೆ ಪಟ್ಟಿ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಹಾಕಿ ಮಲಗಿಸಿದರು. ಹೊಟ್ಟೆ ಸುತ್ತ ಬಿಗಿತ ಇದೆಯಲ್ಲ ಸರ್ ಅಂದರೆ, ‘ಅದು ಗ್ಯಾಸು.’

ಬುಧವಾರ ಮೂತ್ರಕ್ಕೆ ಹೋದರೆ ಬರುತ್ತಿಲ್ಲ. ಹೋಗಬೇಕು ಅನಿಸುತ್ತದೆ, ಕೂತರೆ ಐದು ನಿಮಿಷ, ಹತ್ತು ನಿಮಿಷ, ಆಮೇಲೆ ನಾಲ್ಕು ಹನಿ. ಅಲ್ಲಿದ್ದವರೆಲ್ಲ ಗಂಡಸರು, ಹೇಳೋಕೆ ನಾಚಿಕೆ. ಇಡೀ ದಿನ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಧೈರ್ಯ ಮಾಡಿ ಮುಖ್ಯಸ್ಥರಿಗೇ ಹೇಳಿದೆ. ಸರ್, ಮೂತ್ರ ಬರುತ್ತಿಲ್ಲ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ‘ನೀರು ಜಾಸ್ತಿ ಕುಡೀರಿ. ಟೆನ್ಶನ್ ಬಿಡಿ. ನಿಮಗೆ ಭಯ ಜಾಸ್ತಿ’ ಅಂದರು. ಬರದೆ ತುಂಬಿಕೊಂಡ ಮೂತ್ರದ ಚೀಲಕ್ಕೆ ಇನ್ನೂ ನೀರು ತುಂಬಿಸಿ ಅಂದಂತಾಯಿತು. ನಾನು ಕುಡಿದೆ. ಅವರು ಹೇಳಿದರು ಅಂತ ಕುಡಿದೆ. ಸಂಜೆ ಬಟ್ಟೆಯಲ್ಲೇ ಹನಿ ಹನಿಯಾಗಿ ಸೋರತೊಡಗಿತು. ಸದ್ಯ, ಬರುತ್ತಿದೆಯಲ್ಲ ಅಂದುಕೊಂಡೆ. ಹಾಗಲ್ಲ ಅದು. ಚೀಲ ತುಂಬಿ ಜಾಗ ಇಲ್ಲದೆ ಹೊರಗೆ ಚೆಲ್ಲುತ್ತಿತ್ತು. ಇದು ನನಗೆ ಆಮೇಲೆ ಗೊತ್ತಾಯಿತು.

ಶುಕ್ರವಾರ ಹಾಸಿಗೆಯಿಂದ ಇಳಿದವಳು ನಿಲ್ಲಲಾಗದೆ ಕುಸಿದೆ. ತಮ್ಮ ಬಂದು ಎತ್ತಿಕೊಂಡು ಕಾರಿನಲ್ಲಿ ಹಾಕಿದ. ‘ಅಕ್ಕಾ, ಆ ಜಾಗಕ್ಕೆ ಮಾತ್ರ ಬೇಡ’ ಅಂದ. ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋದ.

ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮೊದಲು ಕೇಳಿದ್ದೇ ‘ಮೂತ್ರ ಯಾವಾಗ ಹೋಗಿದ್ದು?’ ಅಂತ. ಅತ್ತುಬಿಟ್ಟೆ. ಟ್ಯೂಬ್ ಹಾಕಿದರೆ ಒಂದು ಲೀಟರಿಗೆ ಹತ್ತಿರ ಬಂತು. ಆಮೇಲೆ ಒಂದು ಸೂಜಿ ತಗೊಂಡು ಪಾದದಿಂದ ಮೇಲಕ್ಕೆ ಮೆಲ್ಲಗೆ ಚುಚ್ಚುತ್ತಾ ಬಂದರು. ‘ಇಲ್ಲಿ? ಇಲ್ಲಿ? ಇಲ್ಲಿ?’ ಏನೂ ಚುರುಕಾಗಿ ಗೊತ್ತಾಗುತ್ತಿಲ್ಲ. ಹೊಕ್ಕುಳ ಹತ್ತಿರ ಬಂದಾಗ ಚುರುಕ್ ಅಂತು. ಅಲ್ಲಿ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದರು. ಹಿಂದೆ ಬೆನ್ನಿನಲ್ಲೂ ಅದೇ ಎತ್ತರಕ್ಕೆ ಗೆರೆ. ಆಮೇಲೆ ಅಂಗಾಲನ್ನು ಕೀಲಿಕೈಯಿಂದ ಗೀರಿದರು. ನನ್ನ ಹೆಬ್ಬೆರಳು ತಾನಾಗೇ ಮೇಲಕ್ಕೆ ಎದ್ದಿತು. ದೊಡ್ಡವರಿಗೆ ಅದು ಕೆಳಕ್ಕೆ ಮಡಚಬೇಕಂತೆ. ‘ಇದು ಸೊಂಟದ ಡಿಸ್ಕ್ ಅಲ್ಲ. ತೊಂದರೆ ಮೇಲೆ, ಹುರಿಯಲ್ಲಿದೆ’ ಅಂದರು.

ಎಲ್ಲ ಸೇರಿ ಹತ್ತು ನಿಮಿಷ. ಒಂದು ಸೂಜಿ, ಒಂದು ಪೆನ್ನು, ಒಂದು ಕೀಲಿಕೈ. ಆ ಕೇಂದ್ರದಲ್ಲಿ ಮೂರು ದಿನ ಇದ್ದೆ. ಒಂದು ಸೂಜಿ ಇರಲಿಲ್ಲವೇ ಅವರ ಹತ್ತಿರ?

ತಮ್ಮ ಹಳೆಯ ಎಂಆರ್‌ಐ ಫಿಲ್ಮ್ ಕೊಟ್ಟ. ಡಾಕ್ಟರಮ್ಮ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಹುರಿ ಬೆನ್ನಿನ ಉದ್ದಕ್ಕೂ ಇರುವುದಿಲ್ಲ. ಸೊಂಟದ ಮೊದಲ, ಎರಡನೆಯ ಮೂಳೆಯ ಹತ್ತಿರಕ್ಕೆ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಬರೀ ನರಗಳು. ‘ಈ ಫಿಲ್ಮಿನಲ್ಲಿ ನಿಮ್ಮ ಹುರಿಯ ತುದಿ ಮಾತ್ರ ಇದೆ’ ಅಂದರು. ‘ಈ ಡಿಸ್ಕ್ ಉಬ್ಬಿರೋದು ಇದೆಯಲ್ಲ, ನೋವೇ ಇಲ್ಲದ ಎಷ್ಟೋ ಜನಕ್ಕೂ ಇರುತ್ತೆ.’

ಆ ಕ್ಷಣ ಮರೆಯೋಕೆ ಆಗಲ್ಲ. ಹೊಕ್ಕುಳಿನ ಎತ್ತರದಲ್ಲಿ ಬಿಸಿ ಗೊತ್ತಾಗುತ್ತಿಲ್ಲ ಅಂತ ನಾನೇ ನನ್ನ ಬಾಯಿಂದ ಹೇಳಿದ್ದೆ. ಅವರು ಅದಕ್ಕಿಂತ ಕೆಳಗೆ ಹುಡುಕಿಸಿದರು. ಸಿಕ್ಕಿದ್ದನ್ನು ತೋರಿಸಿ ದುಡ್ಡು ಕಟ್ಟಿಸಿಕೊಂಡರು. ನಾನು ಖುಷಿಯಿಂದ ಕಟ್ಟಿದೆ.

ಅವತ್ತೇ ಇಡೀ ಬೆನ್ನು ಮತ್ತು ಮೆದುಳಿನ ಎಂಆರ್‌ಐ ಆಯಿತು. ಗಡ್ಡೆಯೋ ಕೀವೋ ಏನಾದರೂ ಹುರಿಯನ್ನು ಒತ್ತುತ್ತಿದೆಯಾ ಅಂತ ಮೊದಲು ನೋಡಲೇಬೇಕಂತೆ, ಹಾಗಿದ್ದರೆ ತಕ್ಷಣ ಆಪರೇಷನ್ ಬೇಕಾಗಬಹುದು. ನನಗೆ ಒತ್ತಡ ಇರಲಿಲ್ಲ. ಎದೆಯ ಮಟ್ಟದಲ್ಲಿ ಹುರಿ ಊದಿಕೊಂಡಿತ್ತು. ಬೆನ್ನಿನಿಂದ ನೀರು ತೆಗೆದರು, ರಕ್ತ ತೆಗೆದರು. ಕಣ್ಣು ನೋವು ಬಂದು ಮಂಜಾಗಿತ್ತಾ, ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ ಇತ್ತಾ, ಕತ್ತು ಬಗ್ಗಿಸಿದರೆ ಬೆನ್ನಿನಲ್ಲಿ ಕರೆಂಟ್ ಹೊಡೆದ ಹಾಗಾಗುತ್ತಾ ಅಂತೆಲ್ಲ ಕೇಳಿದರು. ಈ ಉರಿಯೂತ ಒಂದೊಂದು ಸಲ ಬೇರೆ ಕಾಯಿಲೆಯ ಮೊದಲ ಸುಳಿವಾಗಿರುತ್ತದಂತೆ. ಮಲ್ಟಿಪಲ್ ಸ್ಕ್ಲೆರೋಸಿಸ್, ನ್ಯೂರೋಮೈಲೈಟಿಸ್ ಆಪ್ಟಿಕಾ, ಲೂಪಸ್ ಇಂಥವು. ಅದಕ್ಕೇ ಎಕ್ಯೂಪಿ4, ಮಾಗ್ ಅನ್ನುವ ಎರಡು ಆ್ಯಂಟಿಬಾಡಿ ಪರೀಕ್ಷೆಯನ್ನೂ ಮಾಡಿದರು. ನನ್ನದರಲ್ಲಿ ಎರಡೂ ಇಲ್ಲ ಅಂತ ಬಂತು.

ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್, ದಿನಕ್ಕೆ 1 ಗ್ರಾಂ ಹಾಗೆ 5 ದಿನ ಡ್ರಿಪ್ಪಿನಲ್ಲಿ ಹಾಕಿದರು. ಸಾಕಾಗಲಿಲ್ಲ. ಆಮೇಲೆ ಐದು ಸಲ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಬದಲಿಸಿದರು. ಮೂರನೇ ವಾರ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಈಗ ಕೋಲು ಹಿಡಿದು ನಡೆಯುತ್ತೇನೆ. ಮೂತ್ರಕ್ಕೆ ದಿನಕ್ಕೆ ನಾಲ್ಕು ಸಲ ನಾನೇ ಟ್ಯೂಬ್ ಹಾಕಿಕೊಳ್ಳುತ್ತೇನೆ. ಮೂರರಲ್ಲಿ ಒಂದು ಪಾಲು ಜನ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಒಂದು ಪಾಲು ಅರ್ಧಂಬರ್ಧ, ಇನ್ನೊಂದು ಪಾಲು ಹೆಚ್ಚೇನೂ ಇಲ್ಲ ಅಂತ ಮೊದಲೇ ಹೇಳಿದ್ದರು. ಎರಡು ವರ್ಷದವರೆಗೂ ಸುಧಾರಣೆ ಆಗಬಹುದು ಅಂದಿದ್ದಾರೆ. ನಾಲ್ಕು ದಿನ ಮೊದಲೇ ಬಂದಿದ್ದರೆ ಪೂರ್ತಿ ಗುಣವಾಗುತ್ತಿತ್ತಾ? ಯಾರೂ ಬರೆದುಕೊಡುವುದಿಲ್ಲ. ಆದರೆ ಬೇಗ ಬಂದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ರಾತ್ರಿ ನಿದ್ದೆ ಬಾರದಾಗ ಆ ನಾಲ್ಕು ದಿನ ಎಣಿಸುತ್ತೇನೆ.

ಈಗ ಅವರ ಉತ್ತರಗಳನ್ನು ಕೇಳಿ. ನಾನು ಐಸಿಯುನಲ್ಲಿದ್ದಾಗ ತಮ್ಮ ಫೋನ್ ಮಾಡಿದ. ‘ಬಂದಾಗ ಡಿಸ್ಕ್ ಇತ್ತಲ್ಲ, ರಿಪೋರ್ಟಿನಲ್ಲೇ ಇದೆ. ಇದು ಆಮೇಲೆ ಬಂದಿರೋ ಕಾಯಿಲೆ’ ಅಂದರು. ಎರಡನೇ ಸಲ, ‘ನಿಮ್ಮಕ್ಕ ನಮಗೆ ಸರಿಯಾಗಿ ಹೇಳಲೇ ಇಲ್ಲ.’ ಮೂರನೇ ಸಲ, ‘ಫಾರಮ್ಮಿಗೆ ಸಹಿ ಹಾಕಿದ್ದಾರೆ.’ ದುಡ್ಡಿನ ಮಾತೆತ್ತಿದರೆ, ‘ವಾಪಸ್ ಇಲ್ಲ, ಬೇಕಾದ್ರೆ ಉಳಿದ ಸಿಟ್ಟಿಂಗ್ ಡಿಸ್ಚಾರ್ಜ್ ಆದ್ಮೇಲೆ ತಗೊಳ್ಳಲಿ.’

ತಮ್ಮ ಬಿಡಲಿಲ್ಲ. ಹೋಗಿ ಕೂತು ನನ್ನ ಫೈಲ್ ಕೇಳಿದ. ಕೊಡಲಿಲ್ಲ, ತೋರಿಸಿದರು. ಅವನು ಫೋಟೊ ತೆಗೆದುಕೊಂಡು ಬಂದ. ಗುರುವಾರದ ಪುಟ. ನಾನು ಬಾಯಿಬಿಟ್ಟು ಮೂತ್ರ ಬರುತ್ತಿಲ್ಲ ಅಂತ ಹೇಳಿದ ದಿನ. ಅದರಲ್ಲಿ ‘ಮೂತ್ರ, ಮಲ’ ಅನ್ನುವ ಸಾಲಿನ ಮುಂದೆ ‘ನಾರ್ಮಲ್’ ಅಂತ ಟಿಕ್. ‘ಕಾಲಿನ ಬಲ’, ನಾರ್ಮಲ್, ಟಿಕ್. ‘ಸ್ಪರ್ಶ’, ನಾರ್ಮಲ್, ಟಿಕ್. ಮೂರೂ ಟಿಕ್ ಒಂದೇ ಎಳೆತದಲ್ಲಿ, ಒಂದರ ಬಾಲ ಇನ್ನೊಂದಕ್ಕೆ ತಾಗಿಕೊಂಡಿದೆ. ನನ್ನನ್ನು ಕೇಳಿಯೇ ಇಲ್ಲ, ಮುಟ್ಟಿಯೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಸೂಜಿ ನನ್ನ ಹೊಕ್ಕುಳವರೆಗೂ ಬರಬೇಕಾಯಿತು, ಇವರ ಪೆನ್ನಿಗೆ ಎಲ್ಲವೂ ನಾರ್ಮಲ್. ಕಾಯಿಲೆ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅನ್ನಲಿ. ನೋಡದೆ ನೋಡಿದೆ ಅಂತ ಬರೆದರಲ್ಲ.

ಫೋಟೊ ಕಳಿಸಿ ಕೇಳಿದ್ದಕ್ಕೆ ಬಂದ ಉತ್ತರ: ‘ಬೇಗ ಗುಣಮುಖರಾಗಿ ಮೇಡಂ.’ ಜೊತೆಗೆ ಎರಡು ಕೈಮುಗಿದ ಚಿತ್ರ.

ನಿಮಗೆ ಹೇಳಬೇಕಾದ್ದು ಇಷ್ಟು. ಬೆನ್ನು ನೋವು ಸಾವಿರ ಜನಕ್ಕೆ ಬರುತ್ತದೆ, ಹೆದರಬೇಡಿ. ಡಿಸ್ಕ್ ನೋವು ಸಾಮಾನ್ಯವಾಗಿ ಒಂದು ಕಾಲಿಗೆ ಇಳಿಯುತ್ತದೆ. ಆದರೆ ಎರಡೂ ಕಾಲಿಗೆ ಜೋಮು ಬಂದು ಗಂಟೆಗಟ್ಟಲೆ, ದಿನಗಟ್ಟಲೆ ಮೇಲೇರುತ್ತಿದ್ದರೆ, ಕಾಲು ಸೋಲುತ್ತಿದ್ದರೆ, ಹೊಟ್ಟೆ ಎದೆ ಸುತ್ತ ಬೆಲ್ಟಿನ ಬಿಗಿತ ಇದ್ದರೆ, ಒಂದು ಗೆರೆಯಿಂದ ಕೆಳಗೆ ಬಿಸಿ ತಣ್ಣಗೆ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಸೋರಿದರೆ, ಅವತ್ತೇ ನರರೋಗದ ಡಾಕ್ಟರ್ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ನಾಳೆ ಅನ್ನಬೇಡಿ. ಕೆಲವರಿಗೆ ಶುರುವಾದ ನಾಲ್ಕೇ ಗಂಟೆಯಲ್ಲಿ ಪೂರ್ತಿ ಏರಿಬಿಡುತ್ತದೆ, ಕೆಲವರಿಗೆ 21 ದಿನದವರೆಗೂ ಎಳೆಯುತ್ತದೆ. ಮಕ್ಕಳಿಗೂ ಬರುತ್ತದೆ. ನನ್ನ ಹಾಗೆ ಮೊದಲು ಜ್ವರ ಬಂದಿರಲೇಬೇಕು ಅಂತೇನೂ ಇಲ್ಲ. ಸೊಂಟದ ಸ್ಕ್ಯಾನ್ ಸಾಕು ಅಂದರೆ, ಹುರಿ ಇರೋದು ಮೇಲಲ್ವಾ ಅಂತ ಕೇಳಿ. ಮೂತ್ರದ ವಿಷಯವನ್ನು ಅವರು ಕೇಳದಿದ್ದರೂ ಮೊದಲೇ ಹೇಳಿ, ಎದುರಿಗೆ ಯಾರೇ ಇರಲಿ.

ಸಹಿ ಹಾಕುವ ಮೊದಲು ಫಾರಂ ಓದಿ. ನಾನು ಓದಿರಲಿಲ್ಲ.

ನಿನ್ನೆಯ ಮೆಸೇಜಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ದೂರು ಬರೆದು ತಮ್ಮನ ಕೈಗೆ ಕೊಟ್ಟಿದ್ದೇನೆ. ಗುರುವಾರದ ಪುಟದ ಫೋಟೊ ಅದಕ್ಕೆ ಸೇರಿಸಿದ್ದೇನೆ, ಆಸ್ಪತ್ರೆಯವರು ಬರೆದ ಶುಕ್ರವಾರದ ಪುಟವನ್ನೂ.