ಒಬ್ಬನೇ ನಟ, ಮೂರು ಯುದ್ಧ: ಪಾಕಿಸ್ತಾನದ ಭಯೋತ್ಪಾದನೆ ಚಿತ್ರಗಳಲ್ಲಿ ಯಾವುದನ್ನು ನೋಡಬೇಕು?

ಪಾಕಿಸ್ತಾನದ ಆ್ಯಕ್ಷನ್ ಚಿತ್ರ ಯಾವುದಾದರೂ ಚೆನ್ನಾಗಿದೆಯೇ ಎಂದು ಸಿನಿಮಾ ಬಲ್ಲವರನ್ನು ಕೇಳಿದರೆ ಮೊದಲು ಬರುವ ಹೆಸರು ‘ವಾರ್’. 2013ರ ಬಕ್ರೀದ್‌ಗೆ ತೆರೆಗೆ ಬಂದ ಈ ಚಿತ್ರ ಆ ದೇಶದ ಅಲ್ಲಿಯವರೆಗಿನ ಗಳಿಕೆಯ ದಾಖಲೆಗಳನ್ನು ಅಳಿಸಿಹಾಕಿತು. ಅದರ ನಾಯಕ ಶಾನ್ ಶಾಹಿದ್. ಭಯೋತ್ಪಾದನೆಯನ್ನೇ ವಸ್ತುವಾಗಿಟ್ಟುಕೊಂಡ ಇನ್ನೂ ಎರಡು ದೊಡ್ಡ ಚಿತ್ರಗಳಲ್ಲಿ ಇದೇ ಶಾನ್ ಇದ್ದಾರೆ. 2007ರ ‘ಖುದಾ ಕೇ ಲಿಯೇ’ಯಲ್ಲಿ ಸಂಗೀತಗಾರ, ‘ವಾರ್’ನಲ್ಲಿ ನಿವೃತ್ತ ಮೇಜರ್, 2017ರ ‘ಯಲ್ಗಾರ್’ನಲ್ಲಿ ಕರ್ನಲ್. ಹತ್ತು ವರ್ಷಗಳಲ್ಲಿ ಒಬ್ಬ ನಟನ ಕೈಯಿಂದ ಗಿಟಾರ್ ಹೋಗಿ ಬಂದೂಕು ಬಂದಿತು. ಅದೇ ಹತ್ತು ವರ್ಷಗಳಲ್ಲಿ ಒಂದು ದೇಶದ ಸಿನಿಮಾ ತನ್ನ ನೋವನ್ನು ನೋಡುವ ರೀತಿಯೂ ಬದಲಾಯಿತು.

ಮೂರನ್ನೂ ಒಂದರ ಹಿಂದೊಂದು ನೋಡಿದೆ. ಯಾವುದರಲ್ಲಿ ಗುಂಡಿನ ಕಾಳಗ ಚೆನ್ನಾಗಿದೆ ಎಂಬುದಷ್ಟೇ ನನಗೆ ಮುಖ್ಯವಾಗಿರಲಿಲ್ಲ. ಬಾಂಬು ಕಟ್ಟಿಕೊಂಡು ಬರುವ ಹುಡುಗ ಎಲ್ಲಿಂದ ಬಂದ, ಯಾರ ಮನೆಯವನು, ಯಾರು ಅವನನ್ನು ಹಾಗೆ ಮಾಡಿದರು ಎಂಬ ಪ್ರಶ್ನೆಗೆ ಯಾವ ಚಿತ್ರ ನೇರವಾಗಿ ಮುಖ ಕೊಡುತ್ತದೆ ಎಂದು ನೋಡಬೇಕಿತ್ತು. ಭಯೋತ್ಪಾದನೆಯ ಮೇಲಿನ ಚಿತ್ರವನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ಅಳತೆಗೋಲು ನನಗೆ ಕಾಣುವುದಿಲ್ಲ.

‘ವಾರ್’ನಿಂದಲೇ ಆರಂಭಿಸುತ್ತೇನೆ. ಹೆಂಡತಿ ಮಗನನ್ನು ಕಳೆದುಕೊಂಡು ಸೇವೆಯಿಂದ ದೂರವಾದ ಮೇಜರ್ ಮುಜ್ತಬಾನನ್ನು ದೊಡ್ಡದೊಂದು ದಾಳಿಯ ಸುಳಿವು ಸಿಕ್ಕಾಗ ಮತ್ತೆ ಕರೆಸುತ್ತಾರೆ. ಎದುರಾಳಿಗಳು ಇಬ್ಬರು, ರಮಲ್ ಮತ್ತು ಲಕ್ಷ್ಮಿ, ಇಬ್ಬರೂ ಭಾರತದ ಗೂಢಚಾರರು. ಅಣೆಕಟ್ಟು ಕಟ್ಟಿಸಲು ಹೊರಟ ರಾಜಕಾರಣಿಯೊಬ್ಬನ ಬಳಗಕ್ಕೆ ಲಕ್ಷ್ಮಿ ಬೇರೆ ಹೆಸರಿನಲ್ಲಿ ಸೇರಿಕೊಳ್ಳುತ್ತಾಳೆ. ಆ ರಾಜಕಾರಣಿಯ ಪಾತ್ರದಲ್ಲಿರುವವರು ‘ಜುನೂನ್’ ಎಂಬ ರಾಕ್ ಸಂಗೀತ ತಂಡದ ಗಾಯಕರಾಗಿದ್ದ ಅಲಿ ಅಜ್ಮತ್. ಲಕ್ಷ್ಮಿಯಾಗಿ ನಟಿಸಿದ ಮೀಶಾ ಶಫಿ ಕೂಡ ಗಾಯಕಿಯೇ.

ನಿರ್ದೇಶಕ ಬಿಲಾಲ್ ಲಾಶಾರಿಗೆ ಇದು ಮೊದಲ ಚಿತ್ರ. ಛಾಯಾಗ್ರಹಣವೂ ಸಂಕಲನವೂ ಅವರದೇ. ಈ ಮೂರು ಕೆಲಸಗಳನ್ನು ಒಬ್ಬರೇ ಮಾಡಿದ್ದು ತೆರೆಯ ಮೇಲೆ ಎದ್ದು ಕಾಣುತ್ತದೆ. ಲಾಲಿವುಡ್, ಅಂದರೆ ಲಾಹೋರಿನ ಚಿತ್ರೋದ್ಯಮ ಎಂದರೆ ಗಂಡಾಸ ಎಂಬ ಉದ್ದ ಹಿಡಿಯ ಕೊಡಲಿ ಹಿಡಿದು ಕಿರುಚುವ ನಾಯಕ, ಮಸುಕು ಮುದ್ರಣ, ಕಿವಿಗಡಚಿಕ್ಕುವ ಧ್ವನಿ ಎಂದು ಲೆಕ್ಕ ಹಾಕಿಟ್ಟುಕೊಂಡವರಿಗೆ ಈ ಚಿತ್ರದ ಬೆಳಕು ನೆರಳಿನ ಹದವೇ ಬೇರೊಂದು ಲೋಕ. ಪೊಲೀಸ್ ತರಬೇತಿ ಕೇಂದ್ರದ ಮೇಲಿನ ದಾಳಿಯ ಭಾಗವನ್ನು ಮತ್ತೆ ಹಿಂದಕ್ಕೆ ಹೋಗಿ ನೋಡಿದೆ. ಯಾರು ಎಲ್ಲಿದ್ದಾರೆ, ಯಾವ ಕಡೆಯಿಂದ ಗುಂಡು ಬರುತ್ತಿದೆ ಎಂಬುದು ಒಂದು ಕ್ಷಣವೂ ಗೋಜಲಾಗುವುದಿಲ್ಲ. ಕ್ಯಾಮೆರಾವನ್ನು ಅಲುಗಾಡಿಸಿ ಗಲಿಬಿಲಿಯನ್ನೇ ರಭಸ ಎಂದು ಮಾರುವ ಎಷ್ಟೋ ಚಿತ್ರಗಳ ನಡುವೆ ಈ ಶಿಸ್ತು ದೊಡ್ಡದು. ಖಳನಾಯಕ ರಮಲ್ ಪಾತ್ರದ ಶಮೂನ್ ಅಬ್ಬಾಸಿ ಮಾತು ಕಡಿಮೆ ಆಡಿ ಹೆದರಿಸುತ್ತಾರೆ. ಶಾನ್‌ಗಿಂತ ಅವರೇ ನೆನಪಿನಲ್ಲಿ ಉಳಿಯುತ್ತಾರೆ.

ಆದರೆ ನನಗೆ ತೊಡಕಾದದ್ದೂ ಇದೇ ಭಾಗ. ದೃಶ್ಯದ ಮೂಲ ನಿಜವಾದ ಘಟನೆ. 2009ರ ಮಾರ್ಚ್ 30ರಂದು ಲಾಹೋರ್ ಹೊರವಲಯದ ಮನಾವಾಂ ಪೊಲೀಸ್ ತರಬೇತಿ ಶಾಲೆಗೆ ಬಂದೂಕುಧಾರಿಗಳು ನುಗ್ಗಿದರು. ಅದೇ ತಿಂಗಳ 3ರಂದು ಅದೇ ಊರಿನಲ್ಲಿ ಶ್ರೀಲಂಕಾ ಕ್ರಿಕೆಟ್ ತಂಡದ ಬಸ್ಸಿನ ಮೇಲೆ ಗುಂಡಿನ ಮಳೆ ಸುರಿದಿತ್ತು. ಕ್ರಿಕೆಟ್ ನೋಡುವ ನಮ್ಮವರಿಗೆ ಆ ದಿನ ಚೆನ್ನಾಗಿ ನೆನಪಿರುತ್ತದೆ. ಮನಾವಾಂ ದಾಳಿಯ ಹೊಣೆ ಹೊತ್ತವನು ಪಾಕಿಸ್ತಾನಿ ತಾಲಿಬಾನ್‌ನ ಮುಖಂಡ ಬೈತುಲ್ಲಾ ಮೆಹ್ಸೂದ್. ದಾಳಿ ಮಾಡಿದ್ದು ತಾವೇ ಎಂದು ಆತನೇ ಹೇಳಿಕೊಂಡ. ‘ವಾರ್’ ಆ ಸಾವುಗಳನ್ನು ಎತ್ತಿಕೊಂಡು ಅದರ ಸೂತ್ರವನ್ನು ಗಡಿಯಾಚೆಯ ಕೈಗೆ ಕೊಡುತ್ತದೆ. ಗುಡ್ಡಗಾಡಿನ ಮುಲ್ಲಾ ಇಲ್ಲಿ ಕೇವಲ ಕೂಲಿಯಾಳು, ಅವನಿಗೆ ತನ್ನದೇ ಆದ ನಂಬಿಕೆಯಿಲ್ಲ, ತನ್ನದೇ ಆದ ಕ್ರೌರ್ಯವೂ ಇಲ್ಲ.

ಭಾರತೀಯನಾದ್ದರಿಂದ ನನಗೆ ಹೀಗೆ ಅನ್ನಿಸಿತು ಎಂದು ಯಾರಾದರೂ ಹೇಳಬಹುದು. ಲಕ್ಷ್ಮಿ ಎಂಬ ಹೆಸರಿನ ಖಳನಾಯಕಿಯನ್ನು ಕಂಡು ನನಗೆ ಸಿಟ್ಟು ಬರಲಿಲ್ಲ. ನಮ್ಮ ಹಿಂದಿ ಚಿತ್ರಗಳು ಐಎಸ್ಐ ಅಧಿಕಾರಿಯ ಸಿದ್ಧ ಅಚ್ಚನ್ನು ಎಷ್ಟು ಬಾರಿ ಬಳಸಿಲ್ಲ? ಬೇಸರ ಬಂದದ್ದು ಬೇರೆ ಕಾರಣಕ್ಕೆ. ಮನಾವಾಂನಲ್ಲಿ ಸತ್ತವರು ಪಂಜಾಬಿನ ಸಾಮಾನ್ಯ ಮನೆಗಳಿಂದ ಪೊಲೀಸ್ ಕೆಲಸಕ್ಕೆ ಸೇರಿದ ಹುಡುಗರು. ಅವರನ್ನು ಯಾರು ಕೊಂದರು, ಯಾಕೆ ಕೊಂದರು ಎಂದು ಅವರದೇ ದೇಶದ ಅತಿ ದೊಡ್ಡ ಚಿತ್ರ ಕೇಳಬೇಕಿತ್ತು. ಕೊಂದವನ ಹೆಸರು ಬದಲಾಯಿಸಿದರೆ ಸತ್ತವರಿಗೆ ಎರಡನೆಯ ಬಾರಿ ಅನ್ಯಾಯವಾಗುತ್ತದೆ.

ಸಂಭಾಷಣೆಯದು ಇನ್ನೊಂದು ತಕರಾರು. ಚಿತ್ರದ ಬಹುಪಾಲು ಮಾತು ಇಂಗ್ಲಿಷಿನಲ್ಲಿದೆ. ಅಧಿಕಾರಿಗಳ ಸಭೆಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಹೆಂಡತಿ ಮಗನನ್ನು ಕಳೆದುಕೊಂಡವನು ತನ್ನ ಸಂಕಟವನ್ನೂ ಇಂಗ್ಲಿಷಿನಲ್ಲೇ ಹೇಳಿದಾಗ ಆ ಸಂಕಟ ನನ್ನನ್ನು ತಟ್ಟಲಿಲ್ಲ. ಶಾನ್‌ರ ಉರ್ದು ಎಷ್ಟು ಸೊಗಸೆಂದು ಗೊತ್ತಾದ ಮೇಲಂತೂ ಈ ಕೊರತೆ ಇನ್ನಷ್ಟು ಚುಚ್ಚಿತು.

ಅದು ಗೊತ್ತಾದದ್ದು ‘ಖುದಾ ಕೇ ಲಿಯೇ’ಯಲ್ಲಿ.

ಶೋಯೆಬ್ ಮನ್ಸೂರ್ ನಿರ್ದೇಶನದ ಈ ಚಿತ್ರ ತೆರೆಕಂಡದ್ದು 2007ರ ಜುಲೈ 20ರಂದು. ಧಾರ್ಮಿಕ ತೀವ್ರವಾದಿಗಳು ಬೀಡುಬಿಟ್ಟಿದ್ದ ಇಸ್ಲಾಮಾಬಾದಿನ ಲಾಲ್ ಮಸೀದಿಯ ಮೇಲಿನ ಸೇನಾ ಕಾರ್ಯಾಚರಣೆ ಮುಗಿದು ಹತ್ತು ದಿನವೂ ಆಗಿರಲಿಲ್ಲ. ಸಂಗೀತ ನಿಷಿದ್ಧವೇ, ಹೆಣ್ಣಿನ ಒಪ್ಪಿಗೆಯಿಲ್ಲದ ಮದುವೆ ಮದುವೆಯೇ, ಗಡ್ಡ ಮತ್ತು ಉಡುಪು ಧರ್ಮವೇ ಎಂದು ಅಂಥ ಹೊತ್ತಿನಲ್ಲಿ ಚಿತ್ರಮಂದಿರದಲ್ಲಿ ಕೇಳಲು ಎಂಥ ಧೈರ್ಯ ಬೇಕು ಎಂದು ಯೋಚಿಸಿ. ಧರ್ಮಗುರುಗಳ ವಿರೋಧ ಬಂದಿತು, ಆದರೂ ಜನ ಕುಟುಂಬ ಸಮೇತ ಬಂದು ನೋಡಿದರು. ಮುಚ್ಚುವ ಹಂತದಲ್ಲಿದ್ದ ಪಾಕಿಸ್ತಾನದ ಚಿತ್ರೋದ್ಯಮ ಮತ್ತೆ ಉಸಿರಾಡತೊಡಗಿದ್ದು ಈ ಚಿತ್ರದಿಂದ ಎಂದು ಅಲ್ಲಿನವರೇ ಹೇಳುತ್ತಾರೆ. ಮುಂದಿನ ವರ್ಷ ಇದು ಭಾರತದ ಚಿತ್ರಮಂದಿರಗಳಿಗೂ ಬಂದಿತು. ಪಾಕಿಸ್ತಾನಿ ಚಿತ್ರವೊಂದು ಹಾಗೆ ಬಂದದ್ದು ಹಲವು ದಶಕಗಳ ನಂತರ.

ಕಥೆಯಲ್ಲಿ ಲಾಹೋರಿನ ಅಣ್ಣತಮ್ಮ, ಇಬ್ಬರೂ ಹಾಡುಗಾರರು. ಅಣ್ಣ ಮನ್ಸೂರ್ ಪಾತ್ರದಲ್ಲಿ ಶಾನ್, ತಮ್ಮ ಸರ್ಮದ್ ಪಾತ್ರದಲ್ಲಿ ಅಂದು ಇನ್ನೂ ಹೊಸಬರಾಗಿದ್ದ ಫವಾದ್ ಖಾನ್. ಅಣ್ಣ ಸಂಗೀತ ಕಲಿಯಲು ಶಿಕಾಗೋಗೆ ಹೋಗುತ್ತಾನೆ. ತಮ್ಮ ಮೌಲಾನಾ ತಾಹಿರಿಯ ಮಾತಿಗೆ ಬಿದ್ದು ಹಾಡು ಬಿಡುತ್ತಾನೆ. ಲಂಡನ್ನಿನಲ್ಲಿ ಬೆಳೆದ ಅವರ ಸೋದರ ಸಂಬಂಧಿ ಮೇರಿಯನ್ನು ತಂದೆಯೇ ಸುಳ್ಳು ಹೇಳಿ ಪಾಕಿಸ್ತಾನಕ್ಕೆ ಕರೆತಂದು ಸರ್ಮದನಿಗೆ ಬಲವಂತವಾಗಿ ಕಟ್ಟುತ್ತಾನೆ. ಈ ತಂದೆಯ ಪಾತ್ರವೇ ಚಿತ್ರದ ನಿಜವಾದ ಹಿಡಿತ. ಅವನು ಗಡ್ಡ ಬಿಟ್ಟವನಲ್ಲ, ತಾನೇ ಬಿಳಿಯ ಹೆಂಗಸಿನೊಡನೆ ಬಾಳುತ್ತಿರುವ ಲಂಡನ್ನಿನ ಆಧುನಿಕ. ಮಗಳು ಮುಸ್ಲಿಮೇತರನನ್ನು ಮೆಚ್ಚಿದ ಕೂಡಲೇ ಅವನಿಗೆ ಧರ್ಮ ನೆನಪಾಗುತ್ತದೆ. ತಪ್ಪನ್ನು ಗುಡ್ಡದ ಮೇಲಿನ ಬಂದೂಕಿನವರ ತಲೆಗೆ ಮಾತ್ರ ಕಟ್ಟಿ ಕೈತೊಳೆದುಕೊಳ್ಳಲು ನಿರ್ದೇಶಕರು ಯಾರಿಗೂ ಅವಕಾಶ ಕೊಡುವುದಿಲ್ಲ.

ಸರ್ಮದನ ಬದಲಾವಣೆಯನ್ನು ತೋರಿಸಿದ ಬಗೆಯಲ್ಲಿ ಅನುಭವದ ಬಿಸಿ ಇದೆ, ಅದಕ್ಕೆ ಕಾರಣವೂ ಇದೆ. ಶೋಯೆಬ್ ಮನ್ಸೂರ್ ಎಂಬತ್ತರ ದಶಕದಲ್ಲಿ ‘ವೈಟಲ್ ಸೈನ್ಸ್’ ಎಂಬ ಪಾಪ್ ತಂಡವನ್ನು ಬೆಳೆಸಿದವರು. ಆ ತಂಡದ ಗಾಯಕ ಜುನೈದ್ ಜಮ್ಶೇದ್ ಮುಂದೆ ಧರ್ಮಪ್ರಚಾರಕ್ಕೆ ತಿರುಗಿ ಸಂಗೀತವನ್ನು ಸಂಪೂರ್ಣ ತ್ಯಜಿಸಿದರು. ತನ್ನ ಕಣ್ಣೆದುರೇ ಬೆಳೆದ ಕಂಠ ಮೌನವಾದ ನೋವು ಈ ಚಿತ್ರದ ಬೆನ್ನಿಗಿದೆ. ಚಿತ್ರಕ್ಕೆ ಸಂಗೀತ ಕೊಟ್ಟ ರೋಹೈಲ್ ಹಯಾತ್ ಕೂಡ ಅದೇ ತಂಡದವರು. ಹಾಗಾಗಿ ಮೌಲಾನಾ ತಾಹಿರಿ ಇಲ್ಲಿ ಕೂಗಾಡುವ ರಾಕ್ಷಸನಲ್ಲ, ಮೆಲುದನಿಯಲ್ಲಿ ಪ್ರೀತಿಯಿಂದ ಮಾತಾಡುವ ಹಿರಿಯ. ಹುಡುಗನೊಬ್ಬ ಹೇಗೆ ಕೈತಪ್ಪಿ ಹೋಗುತ್ತಾನೆ ಎಂಬುದು ನನಗೆ ಅರ್ಥವಾದದ್ದು ಆ ಮೆಲುದನಿಯಿಂದ. ‘ವಾರ್’ನ ಅಷ್ಟೂ ಸ್ಫೋಟಗಳು ಸೇರಿದರೂ ಆ ಕೆಲಸ ಆಗಲಿಲ್ಲ.

ಮೇರಿಯ ಬಲವಂತದ ಮದುವೆ ನ್ಯಾಯಾಲಯಕ್ಕೆ ಹೋಗುತ್ತದೆ. ಕೊನೆಯ ಆ ನ್ಯಾಯಾಲಯದ ದೃಶ್ಯದಲ್ಲಿ ಮೌಲಾನಾ ವಲಿಯಾಗಿ ನಸೀರುದ್ದೀನ್ ಷಾ ಬರುತ್ತಾರೆ. ಗಿರೀಶ ಕಾಸರವಳ್ಳಿಯವರ ‘ಮನೆ’ಯಲ್ಲಿ ನಮ್ಮವರೇ ಆಗಿಹೋಗಿದ್ದ ನಟ. ಇಡೀ ಚಿತ್ರದಲ್ಲಿ ಅವರಿರುವುದು ಸ್ವಲ್ಪ ಹೊತ್ತು ಮಾತ್ರ. ದನಿ ಏರಿಸುವುದಿಲ್ಲ. ಪ್ರವಾದಿ ದಾವೂದ್‌ಗೆ ದೇವರು ಕೊಟ್ಟ ವರವೇ ಇಂಪಾದ ಕಂಠವಲ್ಲವೇ ಎಂದು ಕೇಳುತ್ತಾರೆ. ಜೇಬಿನಲ್ಲಿ ಹರಾಮಿನ ದುಡ್ಡು ಇಟ್ಟುಕೊಂಡು ಹಲಾಲ್ ಮಾಂಸದ ಅಂಗಡಿ ಹುಡುಕುವವರ ಬಗ್ಗೆ ಹೇಳುತ್ತಾರೆ. ಧರ್ಮದಲ್ಲಿ ಗಡ್ಡವಿದೆ, ಗಡ್ಡದಲ್ಲಿ ಧರ್ಮವಿಲ್ಲ ಎನ್ನುತ್ತಾರೆ. ಹಿಂದಿ ಬಲ್ಲ ಕನ್ನಡಿಗರಿಗೆ ಈ ಉರ್ದು ಹೆಚ್ಚು ಕಷ್ಟವಿಲ್ಲದೆ ಮನಸ್ಸಿಗಿಳಿಯುತ್ತದೆ. ನಂಬಿಕೆಯೊಳಗೆ ನಿಂತು ನಂಬಿಕೆಯ ಹೆಸರಿನ ಹಿಂಸೆಯನ್ನು ಪ್ರಶ್ನಿಸುವ ಮಾತು ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಈ ದೃಶ್ಯವನ್ನು ನೋಡಬೇಕು.

ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಎರಡೂವರೆ ಗಂಟೆಗೂ ಮೀರಿದ ಉದ್ದ, ದೂರದರ್ಶನದ ಧಾರಾವಾಹಿಯಂತಹ ಚಿತ್ರಿಕೆಗಳು. ಅಮೆರಿಕದ ಭಾಗ ಬಹಳ ಒರಟು. 2001ರ ಸೆಪ್ಟೆಂಬರ್ ದಾಳಿಯ ನಂತರ ಮನ್ಸೂರನನ್ನು ಹಿಡಿದು ಹಿಂಸಿಸುತ್ತಾರೆ, ಅವನ ತಾಯಿತವೂ ಅವನ ವಿರುದ್ಧ ಸಾಕ್ಷಿಯಾಗಿಬಿಡುತ್ತದೆ. ಆ ಭಾಗದ ಅಮೆರಿಕನ್ನರಿಗೆ ಮುಖವೇ ಇಲ್ಲ. ತನ್ನವರನ್ನು ಅಷ್ಟು ಸೂಕ್ಷ್ಮವಾಗಿ ಕಂಡ ನಿರ್ದೇಶಕರು ಪರರನ್ನು ಕಾಣುವಾಗ ಆ ಸೂಕ್ಷ್ಮತೆಯನ್ನು ಕೈಬಿಟ್ಟರು. ಆದರೂ ಶಾನ್ ಅಲ್ಲಿ ತೋರಿದ ಕುಸಿತ, ಹಾಡುತ್ತಿದ್ದ ಮನುಷ್ಯ ಕ್ರಮೇಣ ಮಾತನ್ನೇ ಕಳೆದುಕೊಳ್ಳುವುದು, ಈ ಮೂರು ಚಿತ್ರಗಳಲ್ಲಿ ಅವರ ಅತ್ಯುತ್ತಮ ನಟನೆ. ಮೇರಿಯ ಪಾತ್ರವೂ ಸೋಲುವುದಿಲ್ಲ. ತನ್ನನ್ನು ಕೂಡಿಹಾಕಿದ್ದ ಊರಿಗೇ ಮರಳಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಅವಳು ನಿರ್ಧರಿಸುತ್ತಾಳೆ.

‘ಯಲ್ಗಾರ್’ ಬಗ್ಗೆ ಹೆಚ್ಚು ಹೇಳಲು ಇಲ್ಲ. ‘ವಾರ್’ ಬರೆದು ನಿರ್ಮಿಸಿದ ಹಸನ್ ವಕಾಸ್ ರಾಣಾ ಇಲ್ಲಿ ತಾವೇ ನಿರ್ದೇಶಕರು. ವಸ್ತು 2009ರಲ್ಲಿ ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ತಾಲಿಬಾನ್ ವಿರುದ್ಧ ಸೇನೆ ನಡೆಸಿದ ಕಾರ್ಯಾಚರಣೆ, ಅದರಲ್ಲೂ ಪಿಯೋಚಾರ್ ಎಂಬ ದುರ್ಗಮ ಕಣಿವೆಯ ಹೋರಾಟ. ಸೇನೆಯ ಸಹಕಾರ ಇದ್ದುದರಿಂದ ಹೆಲಿಕಾಪ್ಟರ್, ಶಸ್ತ್ರಾಸ್ತ್ರ ಎಲ್ಲವೂ ಅಸಲಿ. ಗುಡ್ಡಗಳು ಕಣ್ಣಿಗೆ ಹಬ್ಬ. ಆದರೆ ಪಾತ್ರಗಳ ಸಂತೆಯಲ್ಲಿ ಯಾರ ಹೆಸರೂ ನೆನಪಿನಲ್ಲಿ ನಿಲ್ಲುವುದಿಲ್ಲ. ಕಾಳಗದ ನಡುವೆ ಒಂದಲ್ಲ ಒಂದು ಪ್ರೇಮಕಥೆ ಬಂದು ನಿಲ್ಲುತ್ತದೆ. ಕಿರುತೆರೆಯ ಪ್ರೀತಿಯ ನಾಯಕ ಹುಮಾಯೂನ್ ಸಯೀದ್ ಉಗ್ರ ತೋರ್‌ಜಾನ್ ಆಗಿ ಮೈಚಳಿ ಬಿಟ್ಟು ನಟಿಸಿದ್ದಾರೆ, ಬರವಣಿಗೆ ಅವರಿಗೆ ಜೊತೆ ಕೊಡುವುದಿಲ್ಲ. ಆ ಕಾರ್ಯಾಚರಣೆಯಲ್ಲಿ ಸುಮಾರು 20 ಲಕ್ಷ ಜನ ಮನೆ ಬಿಟ್ಟು ಶಿಬಿರಗಳಿಗೆ, ನೆಂಟರ ಮನೆಗಳಿಗೆ ಓಡಬೇಕಾಯಿತು. ಅವರ ಬದುಕಿಗೆ ಚಿತ್ರದಲ್ಲಿ ಜಾಗವೇ ಸಾಲದು. ಸೇನೆಯ ಶೌರ್ಯವನ್ನು ತೋರಿಸಬಾರದು ಎಂದು ನಾನು ಹೇಳುವುದಿಲ್ಲ. ಯಾರಿಗಾಗಿ ಹೋರಾಡಿದರು ಎಂಬುದನ್ನು ತೋರಿಸದಿದ್ದರೆ ಶೌರ್ಯಕ್ಕೂ ತೂಕ ಬರುವುದಿಲ್ಲ, ಅಷ್ಟೇ.

ಹಾಗಾದರೆ ಯಾವುದು? ಕುಶಲತೆಯ ಮಾತಾದರೆ ‘ವಾರ್’ ಎದುರು ಉಳಿದೆರಡೂ ನಿಲ್ಲುವುದಿಲ್ಲ. ಬಿಲಾಲ್ ಲಾಶಾರಿ 2022ರಲ್ಲಿ ಮಾಡಿದ ‘ದಿ ಲೆಜೆಂಡ್ ಆಫ್ ಮೌಲಾ ಜಟ್’ ಗೆದ್ದದ್ದಕ್ಕೆ ಬುನಾದಿ ಇಲ್ಲಿಯೇ ಇದೆ. ಪಾಕಿಸ್ತಾನದ ಹೊಸ ಸಿನಿಮಾ ತಾಂತ್ರಿಕವಾಗಿ ಎಲ್ಲಿಂದ ಎದ್ದಿತು ಎಂದು ತಿಳಿಯಬೇಕಾದವರು ಇದನ್ನು ಬಿಡುವಂತಿಲ್ಲ. ಆದರೆ ನನಗೆ ಒಂದನ್ನೇ ಆರಿಸಿಕೋ ಎಂದರೆ ಹಿಂದೆಮುಂದೆ ನೋಡದೆ ‘ಖುದಾ ಕೇ ಲಿಯೇ’ಯನ್ನು ಆರಿಸುತ್ತೇನೆ. ಅದರ ಚೌಕಟ್ಟು ಹಳತು, ಪ್ರಾಮಾಣಿಕತೆ ಇಂದಿಗೂ ಹೊಸತು. ಹಿಂಸೆಯ ಬೇರನ್ನು ತನ್ನ ಅಂಗಳದಲ್ಲೇ ಅಗೆದು ನೋಡಿದ ಚಿತ್ರ ಈ ಮೂರರಲ್ಲಿ ಅದೊಂದೇ. ನಮ್ಮ ಕಡೆಯ ಚಿತ್ರಗಳಿಂದಲೂ ನಾನು ಬಯಸುವುದು ಇದನ್ನೇ.

ಮನೆಯಲ್ಲಿ ಹರೆಯದ ಮಕ್ಕಳಿದ್ದು ಅವರಿಗೆ ಆ್ಯಕ್ಷನ್ನೇ ಬೇಕೆಂದರೆ ‘ವಾರ್’ ಹಾಕಿ, ಜೊತೆಗೆ ಕುಳಿತು ನೋಡಿ. ತರಬೇತಿ ಕೇಂದ್ರದ ದೃಶ್ಯ ಮುಗಿದಾಗ ಒಂದು ನಿಮಿಷ ನಿಲ್ಲಿಸಿ, ಮನಾವಾಂನಲ್ಲಿ ನಿಜವಾಗಿ ಏನಾಯಿತು, ಹೊಣೆ ಹೊತ್ತವರು ಯಾರು ಎಂದು ಅವರಿಗೆ ಹೇಳಿ. ನ್ಯಾಯಾಲಯದ ದೃಶ್ಯವಿರುವ ಚಿತ್ರವನ್ನು ಮರುದಿನಕ್ಕೆ ಇಟ್ಟುಕೊಳ್ಳಿ, ಉದ್ದವಿರುವುದರಿಂದ ರಜೆಯ ದಿನವಾದರೆ ಒಳ್ಳೆಯದು.