ಕೀಳುವ ಮೊದಲು ಕಾರಣ ಹೇಳುವ ಆಸ್ಪತ್ರೆ

68 ವರ್ಷದ ನಮ್ಮ ತಾಯಿಯವರ ಎರಡು ದವಡೆ ಹಲ್ಲುಗಳನ್ನು ಕೀಳಿಸಲೇಬೇಕೆಂದು ನಿಶ್ಚಯಿಸಿಕೊಂಡು ಜಿಲ್ಲಾ ಕೇಂದ್ರದ ದಂತ ಕಾಲೇಜಿನ ಆಸ್ಪತ್ರೆಗೆ ಹೋದೆವು. ಒಂದು ಹಲ್ಲು ಉಳಿಯಿತು. ಇನ್ನೊಂದು ಏಕೆ ಉಳಿಯಲಾರದೆಂಬುದು ನಮಗೆ ಸ್ಪಷ್ಟವಾಯಿತು.

ಕೆಳದವಡೆಯ ಹಲ್ಲು ಹುಳುಕಿನಿಂದ ರಾತ್ರಿಯಿಡೀ ನೋಯುತ್ತಿತ್ತು, ಮೇಲಿನದು ನೋವಿಲ್ಲದೆ ಅಲ್ಲಾಡುತ್ತಿತ್ತು. ನೋಯುವುದನ್ನೇ ಕೀಳುತ್ತಾರೆಂಬುದು ನಮ್ಮ ಎಣಿಕೆಯಾಗಿತ್ತು. ಆದರೆ ವೈದ್ಯೆ ಎಕ್ಸ್-ರೇ ತೋರಿಸಿ ಹೇಳಿದ್ದು ಬೇರೆಯೇ: ಹುಳುಕು ನರವನ್ನು ಮುಟ್ಟಿದ್ದರೂ ಬೇರುಗಳು ಗಟ್ಟಿಯಾಗಿದ್ದು, ಕ್ಯಾಪ್ ಕೂರಿಸುವಷ್ಟು ಹಲ್ಲು ವಸಡಿನ ಮೇಲೆ ಉಳಿದಿರುವುದರಿಂದ ಕೆಳಗಿನದಕ್ಕೆ ರೂಟ್ ಕೆನಾಲ್ ಚಿಕಿತ್ಸೆ (ಒಳಗಿನ ಕೆಟ್ಟ ನರವನ್ನು ತೆಗೆದು, ಶುಚಿಮಾಡಿ ತುಂಬುವುದು) ಸಾಕು, ಮೇಲಿನದಕ್ಕಾದರೋ, ವಸಡಿನ ರೋಗದಿಂದ ಸುತ್ತಲಿನ ಮೂಳೆ ಬೇರಿನ ತುದಿಯವರೆಗೂ ಕರಗಿ ಹೋಗಿದೆ, ಹಿಡಿದು ನಿಲ್ಲಿಸಲು ಆಧಾರವೇ ಇಲ್ಲ. ಬೇರು ಉದ್ದಕ್ಕೆ ಸೀಳಿದಾಗಲೂ ಹುಳುಕು ವಸಡಿನ ಕೆಳಗೆ ಬಹಳ ಇಳಿದಾಗಲೂ ಕೀಳುವುದೇ ದಾರಿ ಎಂದರು. ನನ್ನ ಬುದ್ಧಿ ಹಲ್ಲಿನ ಬಗ್ಗೆ ಕೇಳಿದಾಗ, ಪದೇ ಪದೇ ಊದಿಕೊಂಡು ಕೀವಾಗುತ್ತಿದ್ದರೆ ಅಥವಾ ಪಕ್ಕದ ಹಲ್ಲನ್ನು ಕೆಡಿಸುತ್ತಿದ್ದರೆ ತೆಗೆಸಬೇಕು, ಅಲ್ಲಿಯವರೆಗೆ ಆಗಾಗ ತೋರಿಸಿಕೊಂಡರೆ ಸಾಕು ಎಂಬ ಉತ್ತರ ಬಂತು.

ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆಂಬ ಭಯ ತಾಯಿಯವರಿಗೆ ಬಹಳ ದಿನದಿಂದ ಇತ್ತು. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲವೆಂದು ವೈದ್ಯೆ ಸಾವಧಾನವಾಗಿ ತಿಳಿಸಿದ ರೀತಿ ನನಗೆ ಬಹಳ ಹಿಡಿಸಿತು. ತಾಯಿಯವರಿಗೆ ಮಧುಮೇಹವಿದ್ದು, ಹೃದಯಕ್ಕಾಗಿ ಆಸ್ಪಿರಿನ್ ಸೇವಿಸುತ್ತಿರುವುದನ್ನು ತಿಳಿದ ಮೇಲೆ ಅಂದೇ ಕೀಳಲಿಲ್ಲ. ಸಕ್ಕರೆಯ ಪ್ರಮಾಣ ಪರೀಕ್ಷಿಸಿ, ಹೃದ್ರೋಗ ತಜ್ಞರ ಅಭಿಪ್ರಾಯ ತರಿಸಿಕೊಂಡು, ಮಾತ್ರೆ ನಿಲ್ಲಿಸದೆಯೇ ಎರಡು ದಿನದ ನಂತರ ಅರಿವಳಿಕೆ ಕೊಟ್ಟು ತೆಗೆದರು. ಸ್ನಾತಕೋತ್ತರ ವಿದ್ಯಾರ್ಥಿಯೇ ಕಿತ್ತರೂ ಪ್ರಾಧ್ಯಾಪಕರು ಪಕ್ಕದಲ್ಲೇ ನಿಂತಿದ್ದರು. ಶುಲ್ಕವೂ ಕಡಿಮೆ, ಆದರೆ ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಕಾಯಬೇಕಾಯಿತು.

ಒಂದು ಕೊರತೆಯನ್ನು ಹೇಳಲೇಬೇಕು. ಕಿತ್ತ ನಂತರದ ಆರೈಕೆಯ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಗಾಜ್ ಬಟ್ಟೆಯನ್ನು ಅರ್ಧ ಗಂಟೆಯಾದರೂ ಕಚ್ಚಿ ಹಿಡಿಯಬೇಕು, ಅಂದು ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾದಲ್ಲಿ ಹೀರಬಾರದು, 24 ಗಂಟೆಗಳ ನಂತರವಷ್ಟೇ ಬೆಚ್ಚಗಿನ ಉಪ್ಪುನೀರು ಬಳಸಬೇಕು ಎಂಬಷ್ಟೇ ವಿಷಯ. ಆದರೆ ಇವನ್ನು ಪಾಲಿಸದೆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಹೋದರೆ ಎರಡು ಮೂರು ದಿನಗಳಲ್ಲಿ ಮೂಳೆಯೇ ನೋಯುವಂತಹ ಯಾತನೆ ಶುರುವಾಗುತ್ತದೆ. ಹಳ್ಳಿಗಳಿಂದ ಬರುವವರೇ ಹೆಚ್ಚಾಗಿರುವ ಆಸ್ಪತ್ರೆಯಲ್ಲಿ ಇದನ್ನು ಓದುವವರು ಎಷ್ಟು ಮಂದಿ? ಹೊಲಿಗೆ ಬಿಚ್ಚಿಸಲು ಹೋದ ದಿನ ಆ ಸೂಚನೆಗಳನ್ನೆಲ್ಲ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ವಿಭಾಗದ ಮೇಜಿಗೆ ಕೊಟ್ಟು ಬಂದಿದ್ದೇನೆ.