ಟಿಬಿ ರೋಗಿಗಳ ಆಹಾರ ಕಿಟ್: ಒಳಗೇನಿದೆ, ಯಾರ ಹೊಟ್ಟೆಗೆ ಹೋಗುತ್ತೆ

ಟಿಬಿ ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಮಿತ್ರ ಯೋಜನೆಯಲ್ಲಿ ತಿಂಗಳಿಗೊಂದು ಆಹಾರದ ಕಿಟ್ ಸಿಗುತ್ತದೆ. ನಾನು ಕಮ್ಯೂನಿಟಿ ಮೆಡಿಸಿನ್‌ನಲ್ಲಿ ಪಿಜಿ ಮಾಡುತ್ತಿದ್ದೇನೆ. ಥೀಸಿಸ್ ವಿಷಯವೇ ಟಿಬಿ ರೋಗಿಗಳ ತೂಕ, ಹಾಗಾಗಿ ಈ ಕಿಟ್ ಬಿಚ್ಚುವುದನ್ನು, ಬೇಯಿಸುವುದನ್ನು, ಹಂಚಿ ತಿನ್ನುವುದನ್ನು ಮನೆಮನೆಗೆ ಹೋಗಿ ನೋಡಿದ್ದೇನೆ. ಥೀಸಿಸ್ ಇನ್ನೂ ಮುಗಿದಿಲ್ಲ, ಅದರ ಅಂಕಿಗಳನ್ನು ಇಲ್ಲಿ ಹೇಳುವುದಿಲ್ಲ. ಇದು ಕಿಟ್ ಬಗ್ಗೆ ಮಾತ್ರ. ಕಿಟ್ ಕೊಡುವವರು ಮುಖ್ಯವಾಗಿ ಇದನ್ನು ಓದಬೇಕು ಅನ್ನೋದು ನನ್ನ ಆಸೆ.

ಯೋಜನೆ ಶುರುವಾಗಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಕಂಪನಿ, ಸಂಘ, ಟ್ರಸ್ಟ್, ಸುಮ್ನೆ ಒಬ್ಬ ವ್ಯಕ್ತಿ, ಯಾರು ಬೇಕಾದರೂ ಹೆಸರು ನೋಂದಾಯಿಸಿ ರೋಗಿಗಳ ಊಟದ ಹೊಣೆ ಹೊರಬಹುದು. ದೊಡ್ಡವರ ಕಿಟ್‌ಗೆ ಸರ್ಕಾರ ಹೇಳಿರುವ ಅಳತೆ ಇದು: 3 ಕೆಜಿ ಅಕ್ಕಿ, ಗೋಧಿ ಅಥವಾ ಸಿರಿಧಾನ್ಯ, ಒಂದೂವರೆ ಕೆಜಿ ಬೇಳೆಕಾಳು, ಕಾಲು ಕೆಜಿ ಎಣ್ಣೆ, ಜೊತೆಗೆ 1 ಕೆಜಿ ಹಾಲಿನ ಪುಡಿ ಇಲ್ಲವೇ ಕಡ್ಲೆಬೀಜ.

ನಾನು ನೋಡಿದ ಕಿಟ್‌ಗಳಲ್ಲಿ ಸಾಮಾನು ಚೆನ್ನಾಗಿಯೇ ಇತ್ತು. ತೊಗರಿಬೇಳೆ ಸ್ವಚ್ಛವಾಗಿತ್ತು, ಹುಳ ಗಿಳ ಕಾಣಲಿಲ್ಲ, ಎಣ್ಣೆ ಪ್ಯಾಕೆಟ್ ಸೋರಿರಲಿಲ್ಲ. ನನ್ನ ಮಟ್ಟಿಗೆ ಇದರಲ್ಲಿ ಅತ್ಯಂತ ಉಪಯೋಗದ ವಸ್ತು ಅಂದರೆ ಕಡ್ಲೆಬೀಜ. ಹುರಿದು ಡಬ್ಬಿಗೆ ಹಾಕಿಟ್ಟರೆ ಕೆಡುವುದಿಲ್ಲ, ಕೆಲಸಕ್ಕೆ ಹೋಗುವಾಗ ಜೇಬಿಗೆ ಹಾಕಿಕೊಳ್ಳಬಹುದು, ಬಾಯಿಗೆ ರುಚಿ ಇಲ್ಲದ ದಿನವೂ ಒಂದು ಹಿಡಿ ತಿನ್ನಬಹುದು. ಹಾಲಿನ ಪುಡಿಯೂ ಒಳ್ಳೆಯದೇ, ಆದರೆ ಅದು ಟೀಗೆ ಹೋಗುತ್ತದೆ, ಇಲ್ಲವೇ ಮಕ್ಕಳಿಗೆ. ಕೆಲವರು ಇವುಗಳ ಬದಲು ಬಣ್ಣದ ಡಬ್ಬಿಯ ಪ್ರೋಟೀನ್ ಪುಡಿ ಇಡುತ್ತಾರೆ. ದಯವಿಟ್ಟು ಬೇಡ. ದುಡ್ಡು ಜಾಸ್ತಿ, ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆ ತುಂಬಿರುತ್ತದೆ, ಟಿಬಿ ಜೊತೆ ಸಕ್ಕರೆ ಕಾಯಿಲೆ ಇರುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಆ ದುಡ್ಡಿಗೆ ಎಷ್ಟೊಂದು ಮೊಟ್ಟೆ ಬರುತ್ತೆ, ಅಲ್ವಾ? ಇನ್ನೊಂದು ಮಾತು, ರಾಗಿಮುದ್ದೆ ಉಣ್ಣುವ ಮನೆಗೆ ಗೋಧಿಹಿಟ್ಟು ಕೊಡಬೇಡಿ. ಸಿರಿಧಾನ್ಯಕ್ಕೆ ಪಟ್ಟಿಯಲ್ಲೇ ಜಾಗ ಇದೆ, ರಾಗಿಯನ್ನೇ ಕೊಡಿ.

ಈಗ ಅಳತೆಯ ವಿಷಯ. ನನ್ನ ದೊಡ್ಡ ತಕರಾರು ಇರುವುದು ಇಲ್ಲೇ.

ಟಿಬಿಯಲ್ಲಿ ಊಟದಿಂದ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ನಡೆದ ದೊಡ್ಡ ಅಧ್ಯಯನ ಇದೆ, ಹೆಸರು ರೇಷನ್ಸ್. ಅದನ್ನು ಮುನ್ನಡೆಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ನಡೆದಿದ್ದು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ, 2019ರಿಂದ 2022ರವರೆಗೆ. ಶ್ವಾಸಕೋಶದ ಟಿಬಿ ಇದ್ದ 2,800 ರೋಗಿಗಳು, ಅವರ ಮನೆಯವರು ಹತ್ತು ಸಾವಿರಕ್ಕೂ ಹೆಚ್ಚು ಜನ. ಎಲ್ಲಾ ರೋಗಿಗಳಿಗೂ ತಿಂಗಳಿಗೆ 10 ಕೆಜಿಯ ಚೀಲ ಸಿಕ್ಕಿತು: ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ದಿನಕ್ಕೆ 1,200 ಕ್ಯಾಲೊರಿ, 52 ಗ್ರಾಂ ಪ್ರೋಟೀನ್ ಸಿಗುವ ಹಾಗೆ ಲೆಕ್ಕ ಹಾಕಿ ಮಾಡಿದ ಚೀಲ ಅದು. ಎರಡು ತಿಂಗಳಲ್ಲಿ ಯಾರ ತೂಕ ಶೇ 5ರಷ್ಟು ಏರಿತೋ ಅವರಲ್ಲಿ ಸಾಯುವ ಅಪಾಯ ಶೇ 61ರಷ್ಟು ಕಡಿಮೆ ಇತ್ತು. 40 ಕೆಜಿ ಇರುವವರಿಗೆ ಶೇ 5 ಅಂದರೆ ಬರೀ 2 ಕೆಜಿ. ಇದನ್ನು ಮೊದಲ ಸಲ ಓದಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ಥೀಸಿಸ್‌ಗೆ ಈ ವಿಷಯ ಆರಿಸಿಕೊಂಡಿದ್ದೇ ಅದರಿಂದ.

ನಮ್ಮ ಕಿಟ್ ತೂಗಿ ನೋಡಿ. ಎಲ್ಲಾ ಸೇರಿ 6 ಕೆಜಿಯೂ ಇಲ್ಲ. ಅಕ್ಕಿ, ಬೇಳೆ, ಎಣ್ಣೆ, ಕಡ್ಲೆಬೀಜ ಹಿಡಿದು ನಾನು ಲೆಕ್ಕ ಹಾಕಿದರೆ ದಿನಕ್ಕೆ 750ರಿಂದ 800 ಕ್ಯಾಲೊರಿ, ಪ್ರೋಟೀನ್ 27 ಗ್ರಾಂ ಆಸುಪಾಸು. ಅಂದರೆ ಪ್ರೋಟೀನ್ ಹೆಚ್ಚುಕಡಿಮೆ ಅರ್ಧ. ಅದೂ ಕಿಟ್ ಪೂರ್ತಿ ರೋಗಿಯ ಹೊಟ್ಟೆಗೇ ಹೋದರೆ.

ಆದರೆ ಹೋಗುವುದಿಲ್ಲ. ಹೋಗಲೂ ಸಾಧ್ಯವಿಲ್ಲ. ಒಂದು ಮನೆಯಲ್ಲಿ ತಾಯಿಗೆ ಟಿಬಿ. ನಾನು ಹೋದಾಗ ಆಕೆ ಹಾಲಿನ ಪುಡಿ ಕದಡುತ್ತಿದ್ದರು. ನಾಲ್ಕು ಸ್ಟೀಲ್ ಲೋಟ ಇಟ್ಟು, ಮೊದಲು ಮಕ್ಕಳ ಮೂರು ಲೋಟಕ್ಕೆ ಸಮ ಸಮ ಹಾಕಿ, ಪಾತ್ರೆಯ ತಳದಲ್ಲಿ ಉಳಿದಿದ್ದಕ್ಕೆ ನೀರು ಬೆರೆಸಿ ತನ್ನ ಲೋಟಕ್ಕೆ ಸುರಿದುಕೊಂಡರು. ಜೊತೆಗಿದ್ದ ಆಶಾ ಅಕ್ಕ, 'ಇದು ನಿನಗೇ ಕೊಟ್ಟಿದ್ದು ಕಣಮ್ಮಾ' ಅಂದರು. ಆಕೆ ನನ್ನ ಕಡೆ ತಿರುಗಿ, 'ಮಕ್ಕಳು ನೋಡ್ತಾ ಇರುವಾಗ ನಾನೊಬ್ಬಳೇ ಹೆಂಗೆ ಕುಡೀಲಿ ಮೇಡಂ?' ಎಂದು ಕೇಳಿದರು. ಅದಕ್ಕೆ ಯಾವ ವೈದ್ಯರಾದರೂ ಏನು ಹೇಳಬಹುದು? ಆಕೆಗೆ ಪೌಷ್ಟಿಕಾಂಶದ ಬಗ್ಗೆ ಪಾಠ ಬೇಕಿರಲಿಲ್ಲ, ಇನ್ನೊಂದು ಚೀಲ ಬೇಕಿತ್ತು.

ರೇಷನ್ಸ್ ಅಧ್ಯಯನ ಈ ಲೋಟಗಳ ಲೆಕ್ಕಕ್ಕೂ ಉತ್ತರ ಕೊಟ್ಟಿದೆ. ಅರ್ಧದಷ್ಟು ಕಡೆ ರೋಗಿಗೆ ಮಾತ್ರ ಚೀಲ, ಉಳಿದ ಕಡೆ ಮನೆಯ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆ. ಎಲ್ಲರಿಗೂ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಕಫ ಪರೀಕ್ಷೆಯಂಥವುಗಳಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ ಮಾತ್ರ ಹಿಡಿದರೆ ಶೇ 48. ಸುಮಾರು 30 ಮನೆಗಳಿಗೆ ಹೀಗೆ ಊಟ ಕೊಟ್ಟರೆ ಒಬ್ಬರಿಗೆ ಟಿಬಿ ಬರುವುದನ್ನು ತಡೆಯಬಹುದು ಎಂದು ಅವರ ಲೆಕ್ಕ. ಅಕ್ಕಿ ಬೇಳೆಯಿಂದ! ಇದು 2023ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಮೇಲೆ ಸರ್ಕಾರವೂ 2024ರಲ್ಲಿ ನಿಕ್ಷಯ್ ಮಿತ್ರ ಕಿಟ್ ಮನೆಯವರಿಗೂ ಕೊಡಬಹುದು ಎಂದಿತು. ಒಳ್ಳೆಯ ತೀರ್ಮಾನ. ಆದರೆ ನಾನು ಹೋದ ಮನೆಗಳಲ್ಲಿ ಕಿಟ್ ಬರುವುದು ಇನ್ನೂ ಒಂದೇ. ಕೊಡುವವರಿಗೆ ಈ ವಿಷಯ ಗೊತ್ತೇ ಇರುವುದಿಲ್ಲ.

ಡೆಲಿವರಿ ಬಗ್ಗೆಯೂ ಹೇಳಬೇಕು. ಮಾತ್ರೆ ಶುರುವಾದ ಕೆಲವು ವಾರಕ್ಕೆ ಹಸಿವು ತಿರುಗಿ ಬರುತ್ತದೆ, ಅದುವರೆಗೆ ಅನ್ನ ಸೇರದವರು ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಮನೆಯಲ್ಲಿ ಊಟ ಇರಬೇಕಾದ್ದು ಆಗಲೇ. ಕಿಟ್ ಮಾತ್ರ ಎಷ್ಟೋ ಸಲ ಮೂರನೇ ತಿಂಗಳಿಗೆ ಬರುತ್ತದೆ, ಒಮ್ಮೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ, ಒಂದೊಂದು ಕಡೆ ಉದ್ಘಾಟನೆಯ ದಿನ ಒಂದು ಕಿಟ್ ಕೊಟ್ಟವರು ಮತ್ತೆ ಬರಲೇ ಇಲ್ಲ. ಟಿಬಿ ರೋಗಿಗಳ ಊಟಕ್ಕೆ ಸರ್ಕಾರವೇ ಕೊಡುವ ನಿಕ್ಷಯ್ ಪೋಷಣ್ ದುಡ್ಡು 2024ರ ನವೆಂಬರ್‌ನಿಂದ ತಿಂಗಳಿಗೆ 500ರ ಬದಲು 1,000 ರೂಪಾಯಿ ಆಗಿದೆ, ಅದು ಬ್ಯಾಂಕ್ ಖಾತೆಗೆ ಬರುತ್ತದೆ. ಅದೂ ಬೇಕು, ಇದೂ ಬೇಕು.

ಫೋಟೋ ಬಗ್ಗೆ ನನಗೆ ನಿಜವಾಗಲೂ ಸಿಟ್ಟಿದೆ. ಚೀಲದ ಮೇಲೆ ದಪ್ಪಕ್ಷರದಲ್ಲಿ ಟಿಬಿ ಅಂತ ಬರೆಸಿ, ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿ ಮುಂದಿನ ತಿಂಗಳು ಆ ಚೀಲ ತಗೊಳ್ಳೋಕೆ ಬರುತ್ತಾಳಾ? ಬರುವುದಿಲ್ಲ. ಕೆಲವರು ಮಾತ್ರೆಗೂ ಬರುವುದು ನಿಲ್ಲಿಸುತ್ತಾರೆ. ಮಾಮೂಲಿ ಬಟ್ಟೆ ಚೀಲದಲ್ಲಿ ಕೊಡಿ, ಅಂಗಡಿಯಿಂದ ತಂದ ಸಾಮಾನಿನ ಹಾಗೆ ಕಾಣಲಿ.

ಸ್ಟಾರ್ ಕೊಡಿ ಅಂದರೆ, ಉಚಿತ ಮಾತ್ರೆ ಮತ್ತು ಆಶಾ ಅಕ್ಕಂದಿರ ಕೆಲಸಕ್ಕೆ ಐದಕ್ಕೆ ಐದು, ಯೋಚನೆ ಇಲ್ಲದೆ. ಕಿಟ್‌ನ ಸಾಮಾನಿನ ಗುಣಮಟ್ಟಕ್ಕೆ ನಾಲ್ಕು. ಅಳತೆಗೆ ಎರಡೂವರೆ. ಸಮಯಕ್ಕೆ ಎರಡು.

ಕೊಡಬೇಕು ಅಂದುಕೊಂಡಿರುವವರು ಹತ್ತು ರೋಗಿಗಳಿಗೆ ಒಂದೊಂದು ಕಿಟ್ ಕೊಡುವ ಬದಲು ಎರಡು ಮೂರು ಮನೆ ಹಿಡಿಯಿರಿ, ಮನೆಯಲ್ಲಿರುವ ಎಲ್ಲರಿಗೂ ಸಾಲುವಷ್ಟು ಕೊಡಿ, ಮೊದಲ ತಿಂಗಳಿಂದ ಕೊನೆಯವರೆಗೆ ಬಿಡದೆ ಕೊಡಿ. ಆಗುವುದಾದರೆ ಹತ್ತಿರದ ಪಿಎಚ್‌ಸಿಗೆ ಸರಿಯಾಗಿ ತೋರಿಸುವ ಒಂದು ತೂಕದ ಮಷೀನ್ ಕೊಡಿಸಿ. ಚಿಕಿತ್ಸೆಯಲ್ಲಿದ್ದೂ ಕಿಟ್ ಬಂದಿಲ್ಲ ಅನ್ನುವವರು ನಿಮ್ಮ ಪಿಎಚ್‌ಸಿಯಲ್ಲಿ ಟಿಬಿ ನೋಡಿಕೊಳ್ಳುವವರನ್ನು ಕೇಳಿ, ಇಲ್ಲವೇ 1800-11-6666ಕ್ಕೆ ಫೋನ್ ಮಾಡಿ, ಉಚಿತ ಕರೆ. ನಿಕ್ಷಯ್ ಐಡಿ, ಅಂದರೆ ಚಿಕಿತ್ಸೆಗೆ ಹೆಸರು ಬರೆಸಿದಾಗ ರೋಗಿಗೆ ಕೊಡುವ ನಂಬರ್, ಕೇಳುತ್ತಾರೆ, ಚಿಕಿತ್ಸೆಯ ಕಾರ್ಡ್ ಕೈಯಲ್ಲೇ ಇಟ್ಟುಕೊಂಡಿರಿ.